ತೊಟ್ಟು ಇರುವ ದೊಡ್ಡ ಪಾಲಿಪ್ ತೆಗೆಯುವಾಗ ರಕ್ತಸ್ರಾವವನ್ನು ಹಿಡಿತದಲ್ಲಿಡುವ ಬಗೆ

ದೊಡ್ಡಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟುಗಳಾದ ಪಾಲಿಪ್‌ಗಳಲ್ಲಿ ಹೆಚ್ಚಿನವು 10 ಮಿಲಿಮೀಟರಿಗಿಂತ ಚಿಕ್ಕವು. ಅವನ್ನು ವಿದ್ಯುತ್ ಹಾಯಿಸದೆ, ಎಂಡೋಸ್ಕೋಪ್ ಎಂಬ ಕ್ಯಾಮೆರಾ ಕೊಳವೆಯ ಮೂಲಕ ಸಾಗಿಸುವ ತಂತಿಯ ಉರುಳಾದ ಕೋಲ್ಡ್ ಸ್ನೇರ್‌ನಿಂದ ಕತ್ತರಿಸಿದರೆ ಒಸರುವ ರಕ್ತವು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ, ನೀರು ಹಾಯಿಸಿ ನೋಡುತ್ತ ಕಾಯುವುದೇ ಅಲ್ಲಿನ ಚಿಕಿತ್ಸೆ. ತೊಟ್ಟು ಇರುವ ದೊಡ್ಡ ಪಾಲಿಪ್‌ನ ಮಾತು ಬೇರೆ. ಅದರ ತಲೆಗೆ ಬೇಕಾದ ರಕ್ತವೆಲ್ಲ ತೊಟ್ಟಿನ ಒಳಗಿನ ದಪ್ಪ ರಕ್ತನಾಳಗಳಿಂದಲೇ ಬರುವುದರಿಂದ, ಕತ್ತರಿಸಿದ ಕ್ಷಣದಲ್ಲೇ ರಕ್ತ ಚಿಮ್ಮಿ ಪರದೆಯೆಲ್ಲ ಕೆಂಪಾಗಬಹುದು.

ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಔಷಧಗಳ ಪಟ್ಟಿಯಿಂದ. ರಕ್ತವನ್ನು ತೆಳುವಾಗಿಸುವ ವಾರ್ಫರಿನ್ ಅನ್ನು ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆಯಾದ ಐಎನ್‌ಆರ್ 1.5ಕ್ಕಿಂತ ಕೆಳಗಿಳಿದಿದೆಯೇ ಎಂದು ನೋಡಬೇಕು. ಆಸ್ಪಿರಿನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದರೆ ಅದನ್ನು ಬಹುತೇಕ ಮುಂದುವರಿಸಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಕ್ಲೊಪಿಡೊಗ್ರೆಲ್ (ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ಅನ್ನು ಮಾತ್ರ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಲೇಬಾರದು. ಪಾಲಿಪ್ ಕಾಯುತ್ತದೆ, ಸ್ಟೆಂಟ್ ಕಾಯುವುದಿಲ್ಲ.

ತಲೆ 20 ಮಿಲಿಮೀಟರ್ ಅಥವಾ ತೊಟ್ಟು 10 ಮಿಲಿಮೀಟರ್ ಮುಟ್ಟಿದ್ದರೆ, ಕತ್ತರಿಸುವ ಮೊದಲೇ ರಕ್ತದ ದಾರಿಯನ್ನು ಕಟ್ಟುವುದು ಒಳ್ಳೆಯದು. 1 ಮಿಲಿಗ್ರಾಂ ಅಡ್ರಿನಲಿನ್ ಇರುವ 1 ಮಿಲಿಲೀಟರ್ ಆಂಪೂಲ್‌ಗೆ 9 ಮಿಲಿಲೀಟರ್ ಸಲೈನ್ ಸೇರಿಸಿದರೆ ಹತ್ತು ಸಾವಿರಕ್ಕೆ ಒಂದರ ದ್ರಾವಣ ಸಿದ್ಧವಾಗುತ್ತದೆ. ಅದನ್ನು ತೊಟ್ಟಿಗೆ ಚುಚ್ಚಿದಾಗ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. ತಲೆಗೂ ಚುಚ್ಚಿದರೆ ಅದು ಕುಗ್ಗಿ ಸ್ನೇರ್ ಸಲೀಸಾಗಿ ದಾಟುತ್ತದೆ. ಆಗ ನಾಡಿ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿರಲಿ. ಉಪಕರಣದಿಂದ ಬಿಡಿಸಿ ಅಲ್ಲೇ ಉಳಿಸುವ ನೈಲಾನ್ ಕುಣಿಕೆಯನ್ನು ತೊಟ್ಟಿನ ಬುಡಕ್ಕೆ ಬಿಗಿಯುವುದು ಇನ್ನೊಂದು ದಾರಿ. ಸಡಿಲವಾದರೆ ಅದು ಜಾರುತ್ತದೆ, ತೆಳು ತೊಟ್ಟಿಗೆ ಅತಿಯಾಗಿ ಬಿಗಿದರೆ ತೊಟ್ಟನ್ನೇ ಕೊಯ್ದುಬಿಡುತ್ತದೆ. ತಲೆ ನಸುಗಪ್ಪಾಗುವುದೇ ಬಿಗಿತ ಸಾಕು ಎಂಬುದರ ಸೂಚನೆ. ಕುಣಿಕೆಯ ಬದಲು ತೊಟ್ಟನ್ನು ಅಮುಕಿ ಹಿಡಿಯುವ ಲೋಹದ ಕ್ಲಿಪ್ ಹಾಕಿದ್ದರೆ, ವಿದ್ಯುತ್ ಹಾಯುವ ಸ್ನೇರ್ ಅದಕ್ಕೆ ತಾಗದಂತೆ ಅಂತರ ಬಿಟ್ಟು ಕತ್ತರಿಸಬೇಕು, ಇಲ್ಲವಾದರೆ ವಿದ್ಯುತ್ ಲೋಹದ ಮೂಲಕ ಹರಿದು ಕರುಳಿನ ಗೋಡೆಯನ್ನು ಸುಡಬಹುದು.

ಇಷ್ಟಾದರೂ ರಕ್ತ ಚಿಮ್ಮಿದರೆ ಮೊದಲ ಆಯುಧ ಕೈಯಲ್ಲಿರುವ ಸ್ನೇರ್. ಉಳಿದ ತೊಟ್ಟನ್ನು ಅದರಿಂದಲೇ ಮತ್ತೆ ಹಿಡಿದು, ವಿದ್ಯುತ್ ಹಾಯಿಸದೆ, ಸುಮಾರು 5 ನಿಮಿಷ ಬಿಗಿಯಾಗಿ ಹಿಡಿದಿಟ್ಟುಕೊಂಡರೆ ಹರಿವು ನಿಲ್ಲುವುದಷ್ಟೇ ಅಲ್ಲ, ಸಹಾಯಕರಿಗೆ ಕ್ಲಿಪ್ ಸಿದ್ಧಪಡಿಸಲು ಬಿಡುವೂ ಸಿಗುತ್ತದೆ. ಗಾಬರಿಯಲ್ಲಿ ರಕ್ತದ ಮಡುವಿನೊಳಗೆ ಕುರುಡಾಗಿ ಸುಡುವುದು ಅಥವಾ ಕ್ಲಿಪ್ ಹಾಕುವುದು ಸಲ್ಲದು. ನೀರಿನಿಂದ ತೊಳೆದು, ಹೀರಿ, ಅಗತ್ಯವಿದ್ದರೆ ರೋಗಿಯ ಮಗ್ಗುಲು ಬದಲಿಸಿದರೆ ರಕ್ತವು ತಗ್ಗಿನ ಕಡೆಗೆ ಸರಿದು ಗಾಯ ಕಾಣಿಸುತ್ತದೆ. ಬಳಿಕ ತೊಟ್ಟಿಗೆ ಅಡ್ಡಲಾಗಿ ಕ್ಲಿಪ್ ಹಾಕಬೇಕು. ಅಡ್ರಿನಲಿನ್ ಹರಿವನ್ನು ತಗ್ಗಿಸಿ ನೋಟ ಕೊಡುತ್ತದೆ; ಆದರೆ ಅದರ ಪರಿಣಾಮ ಕರಗಿದ ಮೇಲೆ ರಕ್ತ ಮತ್ತೆ ಬರಬಹುದಾದ್ದರಿಂದ ಅದೊಂದನ್ನೇ ನಂಬಿ ಎಂಡೋಸ್ಕೋಪ್ ಹೊರತೆಗೆಯಬಾರದು.

ಚಪ್ಪಟೆ ಪಾಲಿಪ್ ತೆಗೆದ ಗಾಯದಲ್ಲಿ ರಕ್ತನಾಳ ಕಂಡರೆ ಅದನ್ನು ಸುಟ್ಟು ರಕ್ತ ನಿಲ್ಲಿಸುವ ಇಕ್ಕಳವಾದ ಕೊಯಾಗ್ಯುಲೇಷನ್ ಫೋರ್ಸೆಪ್ಸ್‌ನಿಂದ ಹಿಡಿದು, ಗೋಡೆಯಿಂದ ತುಸು ಎತ್ತಿ, ಕ್ಷಣಕಾಲ ಮಾತ್ರ ವಿದ್ಯುತ್ ಹಾಯಿಸಬೇಕು, ಏಕೆಂದರೆ ಬಲಭಾಗದ ಕರುಳಿನ ಗೋಡೆ ಬಹಳ ತೆಳು. ಪಾಲಿಪ್‌ನ ಚೂರು ಇನ್ನೂ ಉಳಿದಿದ್ದರೆ, ಸಾಧ್ಯವಾದಷ್ಟು ಕ್ಲಿಪ್ ಅನ್ನು ಕೊನೆಗೆ ಇಟ್ಟುಕೊಳ್ಳಿ. ಮುಂದಿನ ಕತ್ತರಿಕೆಗೆ ಅದು ಅಡ್ಡಬರುತ್ತದೆ.

ಎರಡು ವಾರಗಳವರೆಗೂ ತಡವಾದ ರಕ್ತಸ್ರಾವ ಆಗಬಹುದು. ಅಷ್ಟರಲ್ಲಿ ರೋಗಿ ದೂರದ ಊರು ಸೇರಿರುತ್ತಾರೆ. ಇಂಥ ರಕ್ತಸ್ರಾವಗಳಲ್ಲಿ ಹಲವು ತಾವಾಗಿಯೇ ನಿಲ್ಲುತ್ತವೆ ಎಂಬುದು ನಿಜವಾದರೂ, ಮಲದಲ್ಲಿ ಪದೇ ಪದೇ ರಕ್ತ ಹೋಗುವುದು, ತಲೆಸುತ್ತು, ಎದೆಬಡಿತ ಕಂಡರೆ ತಕ್ಷಣ ಆಸ್ಪತ್ರೆಗೆ ಬರಬೇಕೆಂದು, ನಿಲ್ಲಿಸಿದ ಮಾತ್ರೆಯನ್ನು ಯಾವ ದಿನ ಮತ್ತೆ ಶುರುಮಾಡಬೇಕೆಂಬ ತಾರೀಖಿನ ಸಮೇತ, ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಿ.