ಗುಜರಿ ಕಬ್ಬಿಣದಲ್ಲಿ ಕಟ್ಟಿದ ವೀಲಿಂಗ್ ಮಷೀನ್: ನನ್ನ ಅನುಭವ

ಕಳೆದ ಕಾರ್ತಿಕದಲ್ಲಿ ಚಿತ್ರದುರ್ಗದಿಂದ ಬಂದ ಅಂಬಾಸಿಡರ್ ಕಾರೊಂದರ ಎಡಬದಿಯ ಮುಂದಿನ ಮಡ್‌ಗಾರ್ಡನ್ನು ಮೂರು ತುಂಡುಗಳಲ್ಲಿ ಹೊಸದಾಗಿ ಮಾಡಿ ಕೂರಿಸಿದೆ. ದಾವಣಗೆರೆಯ ನನ್ನ ಮನೆಯ ಹಿಂದಿನ ಹತ್ತು ಅಡಿ ಅಗಲದ ಶೆಡ್ಡಿನಲ್ಲಿ, ನಾನೇ ಕಟ್ಟಿದ ವೀಲಿಂಗ್ ಮಷೀನಿನಲ್ಲಿ ಅದು ರೂಪುಗೊಂಡಿತು. ಬಾಯಿ ತೆರೆದಂತಿರುವ ಚೌಕಟ್ಟಿನ ತುದಿಯಲ್ಲಿ ಒಂದರ ಮೇಲೊಂದು ಕೂರಿಸಿದ ಎರಡು ಗಾಲಿಗಳ ನಡುವೆ ತಗಡನ್ನು ಬಿಗಿದು, ಹಿಂದೆಮುಂದೆ ಎಳೆದು ಉಬ್ಬು ಕೊಡುವ ಯಂತ್ರ ಇದು. ಜೋಡಣೆಯ ಗೆರೆಗಳ ಮೇಲೆ ಬಿಟ್ಟರೆ ಬೇರೆಲ್ಲಿಯೂ ಪುಟ್ಟಿ ಹಿಡಿಯಲಿಲ್ಲ. ನನಗೆ ಟಿಂಕರಿಂಗ್ ಕಲಿಸಿದ ಮೇಸ್ತ್ರಿಯವರು ಅದರ ಮೇಲೆ ಅಂಗೈ ಆಡಿಸಿ, ಎರಡನೆಯ ಸಲವೂ ಆಡಿಸಿ, ಕಾರ್ಖಾನೆಯಲ್ಲಿ ಒತ್ತಿದ್ದೆಂದೇ ತಿಳಿದು, "ಪ್ರೆಸ್ಸಿನ ಮಾಲು ಎಲ್ಲಿ ಸಿಕ್ತಪ್ಪಾ ನಿನಗೆ?" ಎಂದು ಕೇಳಿದರು. ಎರಡು ವರ್ಷದ ಹಿಂದೆ ಇದೇ ಮೇಸ್ತ್ರಿಯವರು, "ಚಕ್ರದಾಗೆ ತಗಡು ತಿರುವಿದ್ರೆ ತೆಳ್ಳಗಾಗಿ ಹರೀತೈತಿ, ರೊಕ್ಕ ಹಾಳು ಮಾಡ್ಕೋಬೇಡ" ಎಂದಿದ್ದರು. ಅವರೊಬ್ಬರೇ ಅಲ್ಲ, ಊರಿನಲ್ಲಿ ಈ ಕೆಲಸ ಬಲ್ಲವರೆಲ್ಲರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ ಆಗಿತ್ತು.

ಈ ಯಂತ್ರ ನನಗೆ ಏಕೆ ಬೇಕಾಯಿತು ಎಂಬುದನ್ನು ಕಸುಬಿನವರಿಗೆ ವಿವರಿಸಬೇಕಾಗಿಲ್ಲ. ಜಾವಾ ಬೈಕುಗಳನ್ನು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು, ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈ ಗಾಡಿಗಳನ್ನು ಉಳಿಸಿಕೊಳ್ಳಬೇಕೆನ್ನುವವರು ಮಾತ್ರ ಹೆಚ್ಚುತ್ತಲೇ ಇದ್ದಾರೆ. ಗುಜರಿಯಲ್ಲಿ ಸಿಗುವ ಹಳೆಯ ಮಡ್‌ಗಾರ್ಡುಗಳು ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ತುಕ್ಕು ತಿಂದು ಜರಡಿಯಾಗಿರುತ್ತವೆ. ಕೊಡತಿ ಮತ್ತು ಡಾಲಿಯಿಂದಲೇ (ತಗಡಿನ ಹಿಂದೆ ಆನಿಸಿ ಹಿಡಿಯುವ ಕಬ್ಬಿಣದ ಗಟ್ಟಿ) ಪೂರ್ತಿ ಉಬ್ಬು ತೆಗೆಯಬಹುದು, ನಾನೂ ಹಾಗೆಯೇ ಮಾಡಿದ್ದೇನೆ. ಆದರೆ ಕೊಡತಿಯ ಗುರುತುಗಳನ್ನು ನಯಗೊಳಿಸುವುದರಲ್ಲಿಯೇ ಮೂರು ದಿನ ಹೋಗುತ್ತದೆ, ಉಳಿದ ಏರುತಗ್ಗನ್ನು ಪುಟ್ಟಿಯಿಂದ ಮುಚ್ಚಬೇಕಾಗುತ್ತದೆ. ಸಿದ್ಧ ಯಂತ್ರಕ್ಕೆ ಬೆಂಗಳೂರಿನಿಂದ ತರಿಸಿದ ದರಪಟ್ಟಿಯಲ್ಲಿ ಸಾಗಾಟವೂ ಸೇರಿ ಒಂದು ಲಕ್ಷದ 40 ಸಾವಿರದ ಆಸುಪಾಸು ಇತ್ತು. ಅಷ್ಟು ಹಣವನ್ನು ಒಂದೇ ಯಂತ್ರಕ್ಕೆ ಸುರಿಯುವ ಶಕ್ತಿ ನನಗಿರಲಿಲ್ಲ.

ಮೊದಲನೆಯ ಚೌಕಟ್ಟನ್ನು 75 ಮಿ.ಮೀ. ಚಾನೆಲ್‌ನಲ್ಲಿ ಮಾಡಿದೆ. ದೊಡ್ಡ ಬಾನೆಟ್ ಕೂಡ ಹಿಡಿಸಬೇಕೆಂಬ ಆಸೆಯಿಂದ ಬಾಯಿಯ ಆಳವನ್ನು, ಅಂದರೆ ಗಾಲಿಯಿಂದ ಚೌಕಟ್ಟಿನ ಹಿಂಬದಿಯವರೆಗಿನ ಅಂತರವನ್ನು, 36 ಇಂಚು ಇಟ್ಟೆ, ಅದೇ ನನ್ನ ದೊಡ್ಡ ತಪ್ಪು. ತಗಡನ್ನು ಗಾಲಿಗಳ ನಡುವೆ ಬಿಗಿದು ಎಳೆದರೆ ಮೇಲಿನ ತೋಳು ಕಣ್ಣಿಗೆ ಕಾಣುವಂತೆ ಮೇಲೇಳುತ್ತಿತ್ತು. ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇಟ್ಟು ನೋಡಿದಾಗ ಬಾಯಿ ಹತ್ತು ಮಿ.ಮೀ.ಗೂ ಹೆಚ್ಚು ತೆರೆದುಕೊಳ್ಳುತ್ತಿರುವುದು ತಿಳಿಯಿತು. ಅದಕ್ಕಿಂತ ಕೆಟ್ಟದ್ದೆಂದರೆ ತೋಳು ಪಕ್ಕಕ್ಕೆ ತಿರುಚಿಕೊಳ್ಳುತ್ತಿತ್ತು. ಚಾನೆಲ್ ಒಂದು ಬದಿ ತೆರೆದಿರುವ ಕಬ್ಬಿಣವಾದ್ದರಿಂದ ಬಾಗುವಿಕೆಯನ್ನು ಒಂದಿಷ್ಟು ತಡೆದರೂ ತಿರುಚುವಿಕೆಯನ್ನು ತಡೆಯುವುದೇ ಇಲ್ಲ. ತಿರುಚಿದ ಕೂಡಲೇ ಗಾಲಿಗಳು ಒಂದಕ್ಕೊಂದು ಓರೆಯಾಗುತ್ತವೆ, ತಗಡು ಉಬ್ಬುವುದರ ಬದಲು ಬಾಳೆಯ ಹಣ್ಣಿನಂತೆ ಪಕ್ಕಕ್ಕೆ ಬಳುಕುತ್ತದೆ. ಅಡ್ಡಪಟ್ಟಿಗಳನ್ನು ಬೆಸೆದು ಅದನ್ನು ಉಳಿಸಿಕೊಳ್ಳಲು ಒಂದು ತಿಂಗಳು ಒದ್ದಾಡಿ, ಕೊನೆಗೆ ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿ ಹಾಕಿದೆ. ಮೂರೂವರೆ ಸಾವಿರ ರೂಪಾಯಿ ಅಲ್ಲಿಗೆ ಹೋಯಿತು.

ಎರಡನೆಯದಕ್ಕೆ 100×100 ಮಿ.ಮೀ. ಚೌಕ ಬಾಕ್ಸ್, 6 ಮಿ.ಮೀ. ದಪ್ಪದ್ದು ತಂದೆ. ಬಾಯಿಯ ಆಳವನ್ನು 24 ಇಂಚಿಗೆ ಇಳಿಸಿದೆ. ತೋಳಿನ ಬಾಗು ಅದರ ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆಯಾದ್ದರಿಂದ 36 ಇಂಚಿನಿಂದ 24ಕ್ಕೆ ಇಳಿಸಿದರೆ ಆ ಒಂದೇ ಬದಲಾವಣೆಯಿಂದ ಬಾಗು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಬಾನೆಟ್ ಆಸೆಯನ್ನು ಬಿಟ್ಟೆ. ನನ್ನ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ತುಂಡುಗಳು ಎರಡು ಅಡಿ ಬಾಯಿಯೊಳಗೆ ಹಿಡಿಸುತ್ತವೆ. ಆದರೆ ಇಲ್ಲಿ ಇನ್ನೊಂದು ಪಾಠ ಕಾದಿತ್ತು. ಅವಸರದಲ್ಲಿ ಒಳಮೂಲೆಗಳನ್ನು ಮೊದಲು ಪೂರ್ತಿ ಬೆಸೆದುಬಿಟ್ಟೆ. ಬೆಸುಗೆ ಆರುತ್ತಾ ಕುಗ್ಗಿ ಮೇಲಿನ ತೋಳನ್ನು ತುದಿಯಲ್ಲಿ ಸುಮಾರು 4 ಮಿ.ಮೀ. ಕೆಳಕ್ಕೆ ಎಳೆಯಿತು. ಹೊರಮೂಲೆಗೆ ಗ್ಯಾಸ್ ಕಾಯಿಸಿ ಎಳೆದರೂ ಅದು ನೆಟ್ಟಗಾಗಲಿಲ್ಲ. ಆದ್ದರಿಂದ ಬೆಸುಗೆಯನ್ನು ಕತ್ತರಿಸಿ ಅದೇ ಬಾಕ್ಸನ್ನು ಮೂರನೆಯ ಸಲ ಜೋಡಿಸಿದೆ: ಎಲ್ಲ ಕಡೆ ಟ್ಯಾಕ್ (ಚುಕ್ಕಿ ಬೆಸುಗೆ) ಹಾಕಿ, ಎದುರುಬದುರಾಗಿ ಎರಡೆರಡು ಇಂಚು ಬೆಸೆದು, ಆರಲು ಬಿಟ್ಟು, ಹಿಂಬದಿಯ ಮೂಲೆಗಳಿಗೆ 10 ಮಿ.ಮೀ. ಪ್ಲೇಟಿನ ತ್ರಿಕೋನಗಳನ್ನು ಕೊಟ್ಟೆ. ಈಗ ಒಂದು ಮಿ.ಮೀ. ತಗಡಿನ ಮೇಲೆ ಪೂರ್ತಿ ಬಿಗಿದಾಗಲೂ ಬಾಯಿ ಒಂದು ಮಿ.ಮೀ. ಆಸುಪಾಸಿನಷ್ಟು ಮಾತ್ರ ತೆರೆಯುತ್ತದೆ. ಚೌಕಟ್ಟಿಗೆ ಬಣ್ಣ ಹೊಡೆಯುವುದಕ್ಕೆ ಮೊದಲು ಡಯಲ್ ಗೇಜ್ ಇಟ್ಟು ನೋಡಿ ಎಂದು ಇದನ್ನು ಮಾಡಹೊರಟವರಿಗೆಲ್ಲ ಹೇಳುತ್ತೇನೆ. ನಾನು ಮೊದಲನೆಯದಕ್ಕೆ ಬಣ್ಣವನ್ನೂ ಹೊಡೆದಿದ್ದೆ.

ಮೇಲ್ಗಾಲಿಗೆ ಗುಜರಿಯಿಂದ ಎರಕದ ಪುಲ್ಲಿಯೊಂದನ್ನು 900 ರೂಪಾಯಿಗೆ ತಂದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರು ನಮ್ಮದು. ಇದು ಹಳೆಯ ಗಿರಣಿಯ ಶಾಫ್ಟಿನದೆಂದು ಅಂಗಡಿಯವರು ಹೇಳಿದರು. ಲೇತಿನಲ್ಲಿ ತಿರುವಿಸಿದಾಗ ಮುಖ ಕನ್ನಡಿಯಂತೆಯೇ ಬಂದಿತು. ಆದರೆ ಮೊದಲನೆಯ ಅಲ್ಯೂಮಿನಿಯಂ ತುಂಡನ್ನು ಎಳೆದು ಬೆಳಕಿಗೆ ಹಿಡಿದಾಗ ಅದರ ಮೇಲೆಲ್ಲ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು ಕಂಡವು. ಎರಕದೊಳಗಿನ ಸಣ್ಣ ರಂಧ್ರಗಳು ಅವು. ಕಬ್ಬಿಣದ ತಗಡಿನಲ್ಲಿ ಬಣ್ಣದಡಿ ಮುಚ್ಚಿಹೋದರೂ ಅಲ್ಯೂಮಿನಿಯಂ ಅವನ್ನು ಮುಚ್ಚಿಡುವುದಿಲ್ಲ. ಮತ್ತೆ ಇಎನ್‌8 ಎಂಬ ಮಧ್ಯಮ ಇಂಗಾಲದ ಉಕ್ಕಿನ ತುಂಡೊಂದನ್ನು ಹುಡುಕಿ, 220 ಮಿ.ಮೀ. ವ್ಯಾಸ, 75 ಮಿ.ಮೀ. ಅಗಲಕ್ಕೆ ಹರಿಹರದಲ್ಲಿ ತಿರುವಿಸಿದೆ. ಸಿದ್ಧವಾದಾಗ ಇಪ್ಪತ್ತೆರಡು ಕಿಲೋ ತೂಗಿತು. ಅದನ್ನು ತಿರುವಿದ ಲೇತ್ ಹರಿಹರದಲ್ಲೇ ಮೈಸೂರು ಕಿರ್ಲೋಸ್ಕರ್‌ನವರು ತಯಾರಿಸಿದ್ದು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಅದರ ಬೆಡ್ಡಿನಲ್ಲಿ ನೂರನೆಯ ಒಂದು ಮಿ.ಮೀ. ಮಟ್ಟದ ಕೆಲಸ ಬರುತ್ತಿರುವುದನ್ನು ನೋಡಿ ನನಗೆ ನಿಜವಾಗಿಯೂ ಹೆಮ್ಮೆಯಾಯಿತು.

ಇನ್ನು ಕೆಳಗಾಲಿಗಳು. ಹಣ ಉಳಿಸಬಾರದ ಜಾಗ ಇದೊಂದೇ, ನಾನು ಉಳಿಸಲು ಹೋಗಿ ಕಳೆದುಕೊಂಡದ್ದೂ ಇಲ್ಲಿಯೇ. ಮೊದಲು 6310 ನಂಬರಿನ ಹಳೆಯ ಬೇರಿಂಗುಗಳನ್ನೇ ಗಾಲಿಯಾಗಿ ಹಾಕಿದೆ. 110 ಮಿ.ಮೀ. ವ್ಯಾಸ, 27 ಮಿ.ಮೀ. ಅಗಲ, ಒಳ್ಳೆಯ ಗಟ್ಟಿ ಉಕ್ಕು. ಆದರೆ ಹೊರಬಳೆಯ ಮುಖ ಚಪ್ಪಟೆಯಾಗಿರುವುದರಿಂದ ತಗಡು ಸ್ವಲ್ಪ ಉಬ್ಬಿದ ಕೂಡಲೇ ಬಳೆಯ ಎರಡು ಅಂಚುಗಳೂ ರೈಲು ಹಳಿಯಂತೆ ಜೋಡಿಗೆರೆ ಕೊರೆಯುತ್ತವೆ. ಆಮೇಲೆ ಇಎನ್‌8ನಲ್ಲಿ ಉಬ್ಬುಮುಖದ ಗಾಲಿಗಳನ್ನು ತಿರುವಿಸಿ ಹಾರ್ಡನಿಂಗ್ (ಕಾಸಿ ಗಟ್ಟಿಗೊಳಿಸುವುದು) ಮಾಡಿಸದೆಯೇ ಬಳಸಿದೆ. ಎರಡು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ಸರಿಯಾಗಿ ಗ್ರೈಂಡ್ ಮಾಡದ ಬೆಸುಗೆಯ ಗೆರೆಯ ಮೇಲೆ ಎಳೆದದ್ದೇ ಗಾಲಿಗೆ ತಗ್ಗು ಬಿದ್ದು, ಆ ತಗ್ಗು ಪ್ರತಿ ಸುತ್ತಿಗೂ ತಗಡಿನ ಮೇಲೆ ಮುದ್ರೆ ಒತ್ತತೊಡಗಿತು.

ಕೊನೆಗೆ ಇಎನ್‌31, ಅಂದರೆ ಬೇರಿಂಗಿಗೆ ಬಳಸುವ ಉಕ್ಕೇ ಸೈ ಎಂದು ತೀರ್ಮಾನಿಸಿ, 3, 4, 6, 8 ಮತ್ತು 12 ಇಂಚು ತ್ರಿಜ್ಯದ ಉಬ್ಬಿನ ಐದು ಗಾಲಿಗಳನ್ನು ತಿರುವಿಸಿ ಹಾರ್ಡನಿಂಗಿಗೆ ಬೆಂಗಳೂರಿನ ಪೀಣ್ಯಕ್ಕೆ ಕಳುಹಿಸಿದೆ. ಸುಮಾರು 830 ಡಿಗ್ರಿಯಿಂದ ಎಣ್ಣೆಗಿಳಿಸಿ ಹದ ಮಾಡಿ 58ರಿಂದ 60 ಎಚ್‌ಆರ್‌ಸಿ (ಉಕ್ಕಿನ ಗಟ್ಟಿತನ ಅಳೆಯುವ ಮಾನ) ಗಟ್ಟಿತನಕ್ಕೆ ತಂದುಕೊಟ್ಟರು. ಐದರಲ್ಲಿ 8 ಇಂಚಿನದು ಸೀಳಿತು. ತಪ್ಪು ನನ್ನದೇ. ಬೇರಿಂಗ್ ಕೂರುವ ಒಳಮೆಟ್ಟಿಲಿನ ಮೂಲೆಯನ್ನು ಗುಂಡಾಗಿಸದೆ ಚೂಪಾಗಿಯೇ ಬಿಟ್ಟಿದ್ದೆ, ಬಿರುಕು ಅಲ್ಲಿಂದಲೇ ಹೊರಟಿತ್ತು. ಉಳಿದ ನಾಲ್ಕೂ ಹಾರ್ಡನಿಂಗ್ ಆದ ಮೇಲೆ ಹತ್ತನೆಯ ಒಂದು ಮಿ.ಮೀ. ಸೊಟ್ಟಗಾಗಿದ್ದವು. ಅವುಗಳ ಉಬ್ಬುಮುಖವನ್ನು ಗ್ರೈಂಡ್ ಮಾಡಿಸಲು ಎರಡು ಕಡೆ ಕೇಳಿದಾಗ ಆಗುವುದಿಲ್ಲವೆಂದರು. ಬಳಿಕ ಅದನ್ನು ಲೇತಿನ ಮೇಲೆಯೇ ಮಾಡುವ ಸಣ್ಣ ಉಪಕರಣವೊಂದನ್ನು ನಾನೇ ಕಟ್ಟಿದೆ. ಅದರ ರಚನೆಯನ್ನೂ, ಗಾಲಿಯ ನಟ್ಟನಡುವೆ ಎಷ್ಟು ಅಗಲದ ಚಪ್ಪಟೆ ಪಟ್ಟಿ ಬಿಟ್ಟರೆ ಗೆರೆ ಬೀಳುವುದಿಲ್ಲ ಎಂಬುದನ್ನೂ ಇಲ್ಲಿ ಬರೆಯುವುದಿಲ್ಲ. ಅವೆರಡನ್ನೂ ಕಂಡುಕೊಳ್ಳಲು ನನಗೆ ಎಂಟು ತಿಂಗಳು ಹಿಡಿಯಿತು, ಈಗ ನನ್ನ ಅನ್ನ ಅದರಲ್ಲಿದೆ.

ಕೆಳಗಾಲಿಯನ್ನು ಏರಿಸಲು ಲಾರಿಯ ಹಳೆಯ ಸ್ಕ್ರೂ ಜಾಕ್ ಬಳಸಿದೆ. ಜಾಕಿನ ತಲೆ ತನ್ನಷ್ಟಕ್ಕೆ ತಿರುಗುವುದರಿಂದ ಪ್ರತಿ ಸಲ ಬಿಗಿದಾಗಲೂ ಗಾಲಿಯ ಹಿಡಿ ಕೂದಲೆಳೆಯಷ್ಟು ಓರೆಯಾಗುತ್ತಿತ್ತು. ಒಂದು ಚೌಕ ಬಾಕ್ಸಿನೊಳಗೆ ಇನ್ನೊಂದನ್ನು ಜಾರುವಂತೆ ಕೂರಿಸಿ, ನಡುವಿನ ಸಡಿಲವನ್ನು ಹಿತ್ತಾಳೆಯ ಪಟ್ಟಿಗಳಿಂದಲೂ ಬಿಗಿಯುವ ಬೋಲ್ಟುಗಳಿಂದಲೂ ತೆಗೆದ ಮೇಲೆ ಈ ಕಾಟ ನಿಂತಿತು. ಗಾಲಿಗಳು ಸಮಾನಾಂತರವಾಗಿವೆಯೇ ಎಂದು ನೋಡಲು ನಾನು ಅಳತೆಯ ಸಾಧನಗಳನ್ನು ನಂಬುವುದಿಲ್ಲ. ಎರಡು ಇಂಚು ಅಗಲದ ಮೆತ್ತನೆಯ ಅಲ್ಯೂಮಿನಿಯಂ ಪಟ್ಟಿಯನ್ನು ನಡುಗೆರೆಯ ಮೇಲೆ ಇಪ್ಪತ್ತು ಸಲ ಎಳೆಯುತ್ತೇನೆ. ಪಟ್ಟಿ ನೆಟ್ಟಗೆ ಉಳಿದರೆ ಗಾಲಿ ಸರಿ, ಬಲಕ್ಕೋ ಎಡಕ್ಕೋ ಬಾಗಿದರೆ ಮೇಲ್ಗಾಲಿಯ ಅಚ್ಚಿನಡಿ ತೆಳುವಾದ ಷಿಮ್ (ಲೋಹದ ಪಟ್ಟಿ) ಹಾಕುತ್ತೇನೆ.

ತಗಡು ತೆಳ್ಳಗಾಗಿ ಹರಿಯುತ್ತದೆಂಬ ಮೇಸ್ತ್ರಿಯವರ ಅನುಮಾನಕ್ಕೆ ಲೆಕ್ಕ ಮಾಡಿಯೇ ಉತ್ತರ ಕೊಟ್ಟೆ. 500 ಮಿ.ಮೀ. ವ್ಯಾಸದ ದುಂಡು ತಗಡಿನ ನಡುವನ್ನು 25 ಮಿ.ಮೀ. ಉಬ್ಬಿಸಿದರೆ ಅದರ ವಿಸ್ತೀರ್ಣ ಹೆಚ್ಚುವುದು ನೂರಕ್ಕೆ ಒಂದರಷ್ಟು ಮಾತ್ರ, 50 ಮಿ.ಮೀ. ಉಬ್ಬಿಸಿದರೂ ನೂರಕ್ಕೆ ನಾಲ್ಕು. ನಡುವೆ ಸ್ವಲ್ಪ ಹೆಚ್ಚು ತೆಳುವಾಗುತ್ತದೆಂದು ಒಪ್ಪಿದರೂ ಒಂದು ಮಿ.ಮೀ. ತಗಡು ಹರಿಯುವ ಮಾತೇ ಬರುವುದಿಲ್ಲ. ಉಬ್ಬಿದ ತುಂಡನ್ನು ನಡುವೆ ಕತ್ತರಿಸಿ ಮೈಕ್ರೋಮೀಟರಿನಲ್ಲಿ ತೋರಿಸಿದೆ, ಅತಿ ತೆಳುವಾದ ಕಡೆಯೂ 0.92 ಮಿ.ಮೀ. ಇತ್ತು. ಹರಿಯುವುದು ಅತಿಯಾಗಿ ಬಿಗಿಯುವವರ ಕೈಯಲ್ಲಿ. ಕೈ ಜೋರು ಮಾಡದೆ ಎಳೆಯುವಷ್ಟು ಮಾತ್ರ ಬಿಗಿದು, ಸಾಲುಗಳು ಒತ್ತೊತ್ತಾಗಿ ಬೀಳುವಂತೆ ಎಳೆದು, ಮತ್ತೊಂದು ದಿಕ್ಕಿನಿಂದಲೂ ಎಳೆಯಬೇಕು.

ನೆನಪಿನಿಂದ ಹೇಳುವುದಾದರೆ ಚೌಕಟ್ಟು ಮೂರೂ ಸಲ ಸೇರಿ 10 ಸಾವಿರ, ಮೇಲ್ಗಾಲಿ ಹಾಳಾದದ್ದೂ ಸೇರಿ 7 ಸಾವಿರ, ಕೆಳಗಾಲಿಗಳ ಉಕ್ಕು, ಲೇತು, ಹಾರ್ಡನಿಂಗ್, ಗ್ರೈಂಡಿಂಗ್ ಎಲ್ಲವೂ ಸೇರಿ 16 ಸಾವಿರದ ಹತ್ತಿರ, ಜಾಕು, ಜಾರುವ ಬಾಕ್ಸು, ಸಣ್ಣಪುಟ್ಟದ್ದು 4 ಸಾವಿರ, ಒಟ್ಟು 37 ಸಾವಿರ ರೂಪಾಯಿ. ಇದರಲ್ಲಿ 8 ಸಾವಿರ ಬರೀ ತಪ್ಪುಗಳಿಗೆ ಹೋದದ್ದು. ನನ್ನ ದುಡಿಮೆಯ ದಿನಗಳನ್ನು ಇದಕ್ಕೆ ಸೇರಿಸಿಲ್ಲ. ಅಂಬಾಸಿಡರ್ ಕೆಲಸ, ಆಮೇಲೆ ಬಂದ ಎರಡು ಜಾವಾ ಹಿಂಬದಿಯ ಮಡ್‌ಗಾರ್ಡುಗಳು, ಒಂದು ಜೀಪಿನ ಕೆಲಸ ಇಷ್ಟರಲ್ಲಿಯೇ ಆ ಹಣ ಹಿಂದಕ್ಕೆ ಬಂದಿದೆ.

ಯಂತ್ರವೊಂದೇ ಇದ್ದರೆ ಸಾಲದು. ಆಳವಾದ ಉಬ್ಬನ್ನು ಮೊದಲು ಕೊರಡಿನ ಮೇಲೆ ಕೊಡತಿಯಿಂದ ತೆಗೆದು ಆಮೇಲೆ ಗಾಲಿಗೆ ಕೊಡಬೇಕು. ನನ್ನ ಕೊರಡು ಹುಣಸೆಮರದ್ದು, ಅದರ ತಲೆಯ ಮೇಲೆ ಆರು ಇಂಚು ಅಗಲ, ಒಂದು ಇಂಚು ಆಳದ ತಟ್ಟೆಯಂಥ ತಗ್ಗು ತೋಡಿದ್ದೇನೆ. ಮೊದಲನೆಯದು ನಮ್ಮ ಬೇಸಗೆಯಲ್ಲಿ ಏಪ್ರಿಲ್ ಮುಗಿಯುವಷ್ಟರಲ್ಲಿ ನಡುವಿನಿಂದ ಬಿರಿದಿತ್ತು. ಎರಡನೆಯದಕ್ಕೆ ಕಮ್ಮಾರರಿಂದ ಗಾಡಿಯ ಚಕ್ರಕ್ಕೆ ಹಾಕುವಂತೆ ಕಾಸಿದ ಪಟ್ಟಿ ಬಿಗಿಸಿ, ತಲೆಗೆ ಹರಳೆಣ್ಣೆ ಕುಡಿಸಿದೆ. ಮೂರು ಬೇಸಗೆ ಕಳೆದರೂ ಅದು ಬಿರಿದಿಲ್ಲ. ಕೊಡತಿಗೆ ಜಾಲಿಯನ್ನು ಮೀರಿಸುವ ಮರ ನಮ್ಮ ಸೀಮೆಯಲ್ಲಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಾ ತುಂಡೊಂದನ್ನು ಕಾಸಿ, ಬಗ್ಗಿಸಿ, ಮುಖವನ್ನು ಪಾಲಿಶ್ ಮಾಡಿದ ತಟ್ಟುಪಟ್ಟಿಯನ್ನಂತೂ ಈಗ ನಾನು ಸುತ್ತಿಗೆಗಿಂತ ಹೆಚ್ಚಾಗಿ ಬಳಸುತ್ತೇನೆ.

ಅಲ್ಯೂಮಿನಿಯಂ ಮೆತ್ತಗೆ ಮಾಡುವುದನ್ನೂ ಈ ನಡುವೆ ಪರೀಕ್ಷಿಸಿದೆ. ಬಟ್ಟೆಯ ಸೋಪಿನಿಂದ ತಗಡಿನ ಮೇಲೆ ಗೆರೆ ಎಳೆದು ಹಿಂಬದಿಯಿಂದ ಗ್ಯಾಸ್ ಆಡಿಸಿದರೆ, ಗೆರೆ ಕಂದಿನಿಂದ ಕಪ್ಪಿಗೆ ತಿರುಗುವ ಹೊತ್ತಿಗೆ ತಗಡು ಹದಕ್ಕೆ ಬಂದಿರುತ್ತದೆ. ಅಲ್ಲಿಂದ ಮುಂದೆ ಜ್ವಾಲೆ ನಿಲ್ಲಿಸಬೇಕು, ಏಕೆಂದರೆ ಅಲ್ಯೂಮಿನಿಯಂ ಕೆಂಪಾಗದೆಯೇ ಕರಗಿ ಕೆಳಗೆ ಬೀಳುತ್ತದೆ. ನಾನು ಎರಡು ತುಂಡುಗಳನ್ನು ಹಾಗೆ ನೆಲಕ್ಕೆ ಬೀಳಿಸಿದ್ದೇನೆ. ಬೇರೆ ಬೇರೆ ಸೋಪುಗಳು ಬೇರೆ ಬೇರೆ ಹೊತ್ತಿಗೆ ಕಪ್ಪಾಗುತ್ತವೆ, ಆದ್ದರಿಂದ ಒಂದೇ ಸೋಪಿಗೆ ಕೈ ಒಗ್ಗಿಸಿಕೊಳ್ಳುವುದು ಒಳ್ಳೆಯದು.

ಈಗ ಕೈಯಲ್ಲಿರುವುದು ಅಂಚು ಕುಗ್ಗಿಸುವ ಶ್ರಿಂಕರ್. ಎಂಟು ಮಿ.ಮೀ. ಸರಳುಗಳ ಕವೆಯಿಂದ ಅಂಚಿಗೆ ನೆರಿಗೆ ಹಾಕಿ ಕೊರಡಿನ ಮೇಲೆ ಬಡಿದು ಕುಗ್ಗಿಸುವ ಹಳೆಯ ವಿಧಾನ ನನಗೆ ಬರುತ್ತದೆ, ಆದರೆ ಮಡ್‌ಗಾರ್ಡಿನ ಕಿರಿದಾದ ಅಂಚಿನಲ್ಲಿ ನೆರಿಗೆ ಹಿಡಿಸುವುದಿಲ್ಲ. ತಗಡನ್ನು ಕಚ್ಚಿ ಒಳಕ್ಕೆ ಎಳೆಯುವ ದವಡೆಗಳನ್ನು ಹಳೆಯ ಅರಗಳ ಉಕ್ಕಿನಲ್ಲಿ ಮಾಡಿದೆ. ಮೊದಲ ಜೊತೆಯ ಹಲ್ಲುಗಳು ಜಾರಿದವು, ಎರಡನೆಯದು ಗಟ್ಟಿ ಹೆಚ್ಚಾಗಿ ಮುರಿಯಿತು, ಮೂರನೆಯದರ ಹಲ್ಲು ತಗಡನ್ನು ಕುಗ್ಗಿಸಿತಾದರೂ ಬೆಕ್ಕು ಪರಚಿದಂತೆ ಗುರುತು ಬಿಟ್ಟಿತು. ಹಲ್ಲಿನ ಸಾಲುಗಳ ಅಂತರವನ್ನು ಅರ್ಧಕ್ಕೆ ಇಳಿಸಿದ ನಾಲ್ಕನೆಯ ಜೊತೆಯನ್ನು ಕಳೆದ ವಾರ ಹಾರ್ಡನಿಂಗಿಗೆ ಕಳುಹಿಸಿದ್ದೇನೆ. ಅದಕ್ಕೆ ಹೊಂದಿಸುವ ಕಾಲುಪೆಡಲನ್ನು ಬೆಸೆದು ಇಟ್ಟಾಗಿದೆ.