ಸ್ಟಾಕ್ ಮುಗಿದ ಮೇಲೆ ಏನು ಮಾಡಬೇಕು? ಕೈಮಗ್ಗದ ಉಡುಪನ್ನು ಸೀಮಿತ ಸಂಖ್ಯೆಯಲ್ಲಿ ಬಿಡುಗಡೆ ಮಾಡಿ, ಮತ್ತೆ ತರಿಸುವ ಕ್ರಮ

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮತ್ತು ಖಣದಿಂದ ಹೊಲಿದ ಕುರ್ತಾಗಳನ್ನು ವಾಟ್ಸ್‌ಆ್ಯಪ್ ಹಾಗೂ ಇನ್‌ಸ್ಟಾಗ್ರಾಂ ಮೂಲಕ ಮಾರುವ ಸಣ್ಣ ಬ್ರ್ಯಾಂಡ್‌ಗಳು ಈಗ ನಮ್ಮ ಊರುಗಳಲ್ಲಿ ಸಾಕಷ್ಟಿವೆ. ‘ಲಿಮಿಟೆಡ್ ಎಡಿಷನ್’ ಎಂದು ಘೋಷಿಸಿದ ಮೊದಲ ಕಂತನ್ನು ಇವರಲ್ಲಿ ಬಹುತೇಕರು ಚೆನ್ನಾಗಿಯೇ ಮಾರುತ್ತಾರೆ. ಎಡವುವುದು ಅದರ ನಂತರ. ‘ಮತ್ತೆ ಯಾವಾಗ ಬರುತ್ತದೆ’ ಎಂದು ಕೇಳಿದವರಿಗೆಲ್ಲ ‘ಶೀಘ್ರದಲ್ಲೇ’ ಎಂದು ಉತ್ತರಿಸಿ, ಮುಂಗಡವನ್ನೂ ಪಡೆದು, ಆಮೇಲೆ ನೇಕಾರರಿಗೆ ಫೋನ್ ಮಾಡಿದಾಗ ಆ ಬಣ್ಣದ ನೂಲೇ ಉಳಿದಿಲ್ಲವೆಂದು ತಿಳಿಯುತ್ತದೆ. ಈ ಎಡವಟ್ಟನ್ನು ಮತ್ತೆ ಮತ್ತೆ ಕಂಡಿರುವುದರಿಂದ, ಮರುಪೂರೈಕೆಯ ಬಗ್ಗೆ ಇಲ್ಲಿ ಹೆಚ್ಚು ವಿವರವಾಗಿ ಬರೆದಿದ್ದೇನೆ.

ಸೀಮಿತ ಬಿಡುಗಡೆಯ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ 1994ರಲ್ಲಿ ನ್ಯೂಯಾರ್ಕ್‌ನ ಲಫಾಯೆಟ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದ ಸುಪ್ರೀಮ್ ಎಂಬ ಉಡುಪಿನ ಬ್ರ್ಯಾಂಡ್ ಪ್ರಮುಖವಾದುದು. ಅದು ಗುರುವಾರಗಳಂದು ಹೊಸ ಸರಕನ್ನು ಸಣ್ಣ ಪ್ರಮಾಣದಲ್ಲಿ ಬಿಡುಗಡೆ ಮಾಡುತ್ತ ಬಂದಿದೆ, ಮುಗಿದದ್ದನ್ನು ಸಾಮಾನ್ಯವಾಗಿ ಮತ್ತೆ ತರುವುದಿಲ್ಲ. ಸ್ಪೇನಿನ ಉಡುಪು ಕಂಪನಿ ಜಾರಾ ಬೇರೆ ದಾರಿ ಹಿಡಿದಿದೆ: ಮೊದಲು ಕಡಿಮೆ ಹೊಲಿಸುತ್ತದೆ, ಯಾವುದು ಖರ್ಚಾಗುತ್ತಿದೆ ಎಂಬುದನ್ನು ಅಂಗಡಿಗಳಿಂದ ತಿಳಿದುಕೊಳ್ಳುತ್ತದೆ, ವಾರಕ್ಕೆ ಎರಡು ಸಲ ಅಂಗಡಿಗಳಿಗೆ ಸರಕು ಕಳುಹಿಸುತ್ತದೆ. ಈ ಎರಡೂ ಕಂಪನಿಗಳಲ್ಲಿ ಎಷ್ಟು ಮಾಡಬೇಕೆಂಬುದನ್ನು ಕಚೇರಿಯಲ್ಲಿ ಕುಳಿತವರು ನಿರ್ಧರಿಸಬಹುದು. ಕೈಮಗ್ಗದಲ್ಲಿ ಆ ಸಂಖ್ಯೆಯನ್ನು ನಿರ್ಧರಿಸುವುದು ಹಾಸು, ಅಂದರೆ ನೇಯುವ ಮೊದಲು ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು.

ಹಂತ 1: ಹಾಸಿನ ಲೆಕ್ಕ ಹಾಕಿ, ಆಮೇಲೆ ಸಂಖ್ಯೆ ಹೇಳಿ

ಖಣದಂಥ ಬಟ್ಟೆಗೆ ಉದ್ದವಾದ ಒಂದು ಹಾಸನ್ನು ಮಗ್ಗಕ್ಕೇರಿಸಿದರೆ ಅದರಿಂದ ಒಂದೇ ಬಣ್ಣದ ಅನೇಕ ಖಣಗಳು ಬರುತ್ತವೆ. ಇಳಕಲ್ ಸೀರೆಯ ಕ್ರಮ ಹಾಗಲ್ಲ. ಅದರಲ್ಲಿ ಒಡಲಿನ ಹಾಸು, ಸೆರಗಿನ ಹಾಸು ಮತ್ತು ದಡಿಯ ಹಾಸುಗಳನ್ನು ಬೇರೆ ಬೇರೆಯಾಗಿ ಸಿದ್ಧಪಡಿಸಿ, ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗಳಿಂದ ಒಂದಕ್ಕೊಂದು ಕೂಡಿಸುತ್ತಾರೆ. ಟೋಪ್ ತೆನಿ ಎಂದು ಕರೆಯುವ ಈ ವಿಧಾನದಿಂದಾಗಿ, ಸಾಂಪ್ರದಾಯಿಕ ಕ್ರಮದಲ್ಲಿ ಪ್ರತಿ ಸೀರೆಗೂ ಹಾಸನ್ನು ಹೊಸದಾಗಿಯೇ ಹೂಡಬೇಕು. ಆದ್ದರಿಂದ ಎಷ್ಟು ಲಡಿ (ಸುತ್ತಿ ಕಟ್ಟಿದ ನೂಲಿನ ಕಟ್ಟು) ನೂಲು ಬಣ್ಣ ಕಂಡಿದೆ, ಎಷ್ಟು ಮಗ್ಗಗಳು ನಿಮಗಾಗಿ ನೇಯುತ್ತಿವೆ ಎಂಬುದನ್ನು ನೇಕಾರರಿಂದ ತಿಳಿದುಕೊಳ್ಳದೆ ‘ಕೇವಲ 40 ಸೀರೆಗಳು’ ಎಂದು ಪ್ರಕಟಿಸಬೇಡಿ.

ಕಡಿಮೆ ಬೆಲೆಗೆ ಸಿಗುತ್ತದೆಂದು ಪವರ್‌ಲೂಮ್ ಸೀರೆಗಳನ್ನು ಕಂತಿನ ನಡುವೆ ಸೇರಿಸಿ ಸಂಖ್ಯೆ ಹೆಚ್ಚಿಸಿಕೊಳ್ಳುವ ಅಡ್ಡದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಸೆರಗನ್ನು ಹಿಂದು ಮುಂದು ಮಾಡಿ, ಒಡಲು ಕೂಡುವ ಕಡೆ ಕುಣಿಕೆಗಳ ಸಾಲಿದೆಯೇ ಎಂದು ನೋಡುವುದು ಇಳಕಲ್ ಸೀರೆ ಉಟ್ಟು ಬೆಳೆದವರಿಗೆಲ್ಲ ಗೊತ್ತು. ರೇಷ್ಮೆ ಸೆರಗು ಎಂದು ಹೇಳಿ ಕೃತಕ ರೇಷ್ಮೆಯದನ್ನು ಕಳುಹಿಸುವುದೂ ಅಷ್ಟೇ ತಪ್ಪು. ಕೃತಕ ರೇಷ್ಮೆಯ ಇಳಕಲ್ ಸೀರೆಯೂ ಒಳ್ಳೆಯ ಸೀರೆಯೇ. ಅದನ್ನು ಅದರ ಹೆಸರಿನಲ್ಲೇ ಮಾರಬೇಕು.

ಹಂತ 2: ಬಟ್ಟೆಯನ್ನೆಲ್ಲ ಒಮ್ಮೆಗೇ ಕತ್ತರಿಸಬೇಡಿ

ಇದು ಕುರ್ತಾ, ರವಿಕೆಗಳಂಥ ಹೊಲಿದ ಉಡುಪುಗಳಿಗೆ ಸಂಬಂಧಿಸಿದ್ದು. ಬಟ್ಟೆ ಕೈಸೇರಿದ ದಿನವೇ ಟೈಲರ್‌ಗೆ ಕೊಟ್ಟು ಎಲ್ಲ ಅಳತೆಗಳಲ್ಲೂ ಸಮನಾಗಿ ಹೊಲಿಸಿದರೆ, ನಡುವಿನ ಅಳತೆಗಳು ಮೊದಲ ದಿನವೇ ಮುಗಿದು ತೀರಾ ಚಿಕ್ಕವು, ತೀರಾ ದೊಡ್ಡವು ಕಪಾಟಿನಲ್ಲಿ ಉಳಿಯುತ್ತವೆ. ಮೂರನೆಯ ಒಂದು ಪಾಲು ಬಟ್ಟೆಯನ್ನು ಕತ್ತರಿಸದೆ ಇಟ್ಟುಕೊಳ್ಳಿ. ಬಿಡುಗಡೆಯಾಗಿ ಎರಡು ಮೂರು ದಿನಗಳಲ್ಲಿ ಯಾವ ಅಳತೆಗೆ ಬೇಡಿಕೆಯಿದೆ ಎಂಬುದು ಸ್ಪಷ್ಟವಾಗುತ್ತದೆ. ಆಗ ಉಳಿದ ಬಟ್ಟೆಯನ್ನು ಅದರಂತೆ ಹೊಲಿಸಿ. ಅದೇ ಹಾಸಿನ, ಅದೇ ಬಣ್ಣದ ಬಟ್ಟೆಯಾದ್ದರಿಂದ ವ್ಯತ್ಯಾಸದ ಭಯವಿಲ್ಲ. ನಾನು ಬಲ್ಲ ಮರುಪೂರೈಕೆಯ ಕ್ರಮಗಳಲ್ಲಿ ಅತ್ಯಂತ ಸುರಕ್ಷಿತವಾದುದು ಇದೇ. ಹತ್ತಿಯ ಬಟ್ಟೆಯಾದರೆ ಹೊಲಿಯುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಬೇಡಿ, ಇಟ್ಟುಕೊಂಡ ಪಾಲಿಗೂ ಅದನ್ನೇ ಮಾಡಿ. ಇಲ್ಲವಾದರೆ ಮೊದಲ ಕಂತಿನ ಮಧ್ಯಮ ಅಳತೆಯೂ ಎರಡನೆಯ ಕಂತಿನ ಮಧ್ಯಮ ಅಳತೆಯೂ ಒಂದು ಒಗೆತದ ನಂತರ ಬೇರೆ ಬೇರೆಯಾಗುತ್ತವೆ.

ಹಂತ 3: ಫೋಟೊ, ಬೆಲೆ, ಲೇಬಲ್

ಫೋಟೊವನ್ನು ಹಗಲು ಬೆಳಕಿನಲ್ಲಿ, ಫಿಲ್ಟರ್ ಬಳಸದೆ ತೆಗೆಯಿರಿ. ಬೆಲೆಯನ್ನು ‘ಡಿಎಂ ಮಾಡಿ’ (ಖಾಸಗಿ ಸಂದೇಶ ಕಳುಹಿಸಿ) ಎನ್ನದೆ ಚಿತ್ರದ ಕೆಳಗೇ ಬರೆಯಿರಿ. ನೂಲಿನ ವಿವರವನ್ನು ಲೇಬಲ್‌ನಲ್ಲಿ ಮುದ್ರಿಸಿ.

ಹಂತ 4: ಒಂದೇ ಪಟ್ಟಿ, ಒಬ್ಬರ ಕೈಯಲ್ಲಿ

ಒಂದೇ ಸೀರೆಯನ್ನು ಇಬ್ಬರಿಗೆ ಮಾರುವುದು ಈ ವ್ಯಾಪಾರದಲ್ಲಿ ಅತಿ ಸಾಮಾನ್ಯವಾದ ತಪ್ಪು. ಅಕ್ಕ ವಾಟ್ಸ್‌ಆ್ಯಪ್ ನೋಡುತ್ತಿರುತ್ತಾರೆ, ತಂಗಿ ಇನ್‌ಸ್ಟಾಗ್ರಾಂ ನೋಡುತ್ತಿರುತ್ತಾರೆ, ಅದೇ ಹೊತ್ತಿಗೆ ಪ್ರದರ್ಶನ ಮಳಿಗೆಯಲ್ಲಿ ಮೂರನೆಯವರು ಅದನ್ನೇ ಕಟ್ಟಿಕೊಡುತ್ತಿರುತ್ತಾರೆ. ಪ್ರತಿ ಉಡುಪಿಗೂ ಒಂದು ಸಂಖ್ಯೆ ಕೊಟ್ಟು, ಅದನ್ನು ಸಣ್ಣ ಬಟ್ಟೆಯ ತುಂಡಿನ ಮೇಲೆ ಬರೆದು ಒಳಬದಿಗೆ ಪೋಣಿಸಿ, ಅದೇ ಸಂಖ್ಯೆಯನ್ನು ಒಂದೇ ಪಟ್ಟಿಯಲ್ಲಿ ದಾಖಲಿಸಿ. ಪಟ್ಟಿಯಲ್ಲಿ ಗುರುತು ಹಾಕುವ ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಅವರು ‘ಸರಿ’ ಎನ್ನುವವರೆಗೆ ಉಳಿದವರು ಯಾರಿಗೂ ಮಾತು ಕೊಡಬಾರದು. ಪ್ರದರ್ಶನಕ್ಕೆ ಒಯ್ಯುವ ಸರಕನ್ನು ಆನ್‌ಲೈನ್ ಪಟ್ಟಿಯಿಂದ ಮೊದಲೇ ತೆಗೆದುಬಿಡಿ. ಬದಲಾವಣೆ ಕೇಳುವವರಿಗಾಗಿ ಪ್ರತಿ ಅಳತೆಯಲ್ಲೂ ಒಂದನ್ನು ಮಾರಾಟದಿಂದ ಹೊರಗಿಡಿ.

ಸೀಮಿತ ಬಿಡುಗಡೆಯಲ್ಲಿ ಕ್ಯಾಶ್ ಆನ್ ಡೆಲಿವರಿ ಕೂಡದು ಎಂಬುದು ನನ್ನ ಖಚಿತ ಸಲಹೆ. ಮನೆಬಾಗಿಲಿಗೆ ಬಂದಾಗ ಬೇಡವೆಂದು ಹಿಂದಿರುಗಿಸಿದ ಪಾರ್ಸೆಲ್ ನಿಮ್ಮ ಕೈಸೇರುವಷ್ಟರಲ್ಲಿ ಹಬ್ಬ ಕಳೆದಿರುತ್ತದೆ, ನಿಜವಾಗಿ ಬೇಕಾಗಿದ್ದವರು ಬೇರೆ ಕಡೆ ಕೊಂಡಿರುತ್ತಾರೆ. ಬಿಡುಗಡೆಗೆ ಮಂಗಳವಾರ ಅಥವಾ ಬುಧವಾರದ ಬೆಳಿಗ್ಗೆ 11 ಗಂಟೆ ಒಳ್ಳೆಯದು, ಏಕೆಂದರೆ ವಾರ ಮುಗಿಯುವುದರೊಳಗೆ ಎಲ್ಲವನ್ನೂ ಕಟ್ಟಿ ಕೊರಿಯರ್‌ಗೆ ಕೊಡಬಹುದು. ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನದಂದು ಎಲ್ಲರೂ ಬಿಡುಗಡೆ ಮಾಡುತ್ತಾರೆ. ಹೊಸ ಬ್ರ್ಯಾಂಡ್ ಆ ದಿನವನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳುವುದು ಮೇಲು.

ಹಂತ 5: ಮರುಪೂರೈಕೆ

ಸರಕು ಮುಗಿದ ದಿನ ಮೊದಲು ಮಾಡಬೇಕಾದುದು, ಮತ್ತೆ ಬರುವುದು ಏನೆಂದು ನಿಖರವಾಗಿ ಹೇಳುವುದು. ಬದಲಾವಣೆಗೆಂದು ಹೊರಗಿಟ್ಟದ್ದು ಮತ್ತು ಹಿಂದಿರುಗಿ ಬಂದದ್ದು ಒಂದು ಬಗೆ. ಅದೇ ವಿನ್ಯಾಸವನ್ನು ಹೊಸ ಹಾಸಿನಲ್ಲಿ ಮತ್ತೆ ನೇಯಿಸುವುದು ಇನ್ನೊಂದು ಬಗೆ. ದಡಿ ಅದೇ ಇದ್ದು ಒಡಲಿನ ಬಣ್ಣ ಬೇರೆಯಾಗುವುದು ಮೂರನೆಯದು. ಈ ಮೂರನ್ನೂ ‘ರಿಸ್ಟಾಕ್’ ಎಂಬ ಒಂದೇ ಮಾತಿನಲ್ಲಿ ಮುಚ್ಚಿದರೆ, ಗೆಳತಿಯ ಸೀರೆಯನ್ನು ನೋಡಿ ಅಂಥದೇ ಬೇಕೆಂದು ಕಾದವರಿಗೆ ಮೋಸವಾಗುತ್ತದೆ.

ಎರಡನೆಯ ಬಗೆಯಲ್ಲಿ ಎಲ್ಲರೂ ಸೋಲುವುದು ಬಣ್ಣದಲ್ಲಿ. ಒಂದೇ ಬಣ್ಣಗಾರರು, ಒಂದೇ ಅಳತೆಯ ಬಣ್ಣದ ಪುಡಿ ಎಂದುಕೊಂಡರೂ ನೀರು, ಕಾವು, ನೂಲು ಮುಳುಗಿದ್ದ ಹೊತ್ತು ಬದಲಾದರೆ ಛಾಯೆ ಬದಲಾಗುತ್ತದೆ. ಆದ್ದರಿಂದ ಮೊದಲ ಕಂತಿನ ನೂಲು ಬಣ್ಣ ಕಂಡ ದಿನವೇ ಬೆರಳುದ್ದದ ಒಂದು ಎಳೆಗಟ್ಟನ್ನು ಕತ್ತರಿಸಿಕೊಂಡು, ಬಿಳಿಯ ರಟ್ಟಿನ ಮೇಲೆ ಹೊಲಿದು, ಪಕ್ಕದಲ್ಲಿ ದಿನಾಂಕ, ಬಣ್ಣಗಾರರ ಹೆಸರು ಮತ್ತು ನೂಲಿನ ನಂಬರನ್ನು (ಎಳೆ ಎಷ್ಟು ಸಣ್ಣದೆಂಬ ಅಳತೆ) ಬರೆದಿಡಿ. ರಟ್ಟನ್ನು ಬಿಸಿಲು ಬೀಳದ ಡಬ್ಬಿಯಲ್ಲಿಡಿ. ಹೊಸ ನೂಲು ಬಂದಾಗ ಅದನ್ನು ಈ ರಟ್ಟಿನ ಮೇಲಿಟ್ಟು ಹೋಲಿಸಬೇಕು. ಒದ್ದೆ ನೂಲು ಯಾವಾಗಲೂ ಗಾಢವಾಗಿ ಕಾಣುವುದರಿಂದ, ಪೂರ್ತಿ ಒಣಗಿದ ಮೇಲೆಯೇ ನೋಡಿ. ಟ್ಯೂಬ್‌ಲೈಟ್ ಕೆಳಗೆ ಒಂದೇ ಎನಿಸಿದ ಎರಡು ಹಸಿರುಗಳು ಹೊರಗೆ ಬಂದಾಗ ಬೇರೆಯಾಗಿ ಕಾಣುವುದುಂಟು. ಕಿಟಕಿಯ ಬಳಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ನೇರ ಬಿಸಿಲು ಬೀಳದಂತೆ ಹಿಡಿದು ನೋಡುವುದು ಸರಿಯಾದ ಕ್ರಮ. ಫೋನಿನಲ್ಲಿ ಕಳುಹಿಸಿದ ಫೋಟೊ ನೋಡಿ ‘ಸರಿಯಿದೆ, ನೇಯಿರಿ’ ಎಂದು ಒಪ್ಪಿಗೆ ಕೊಡುವ ಅಭ್ಯಾಸವನ್ನು ಇಂದೇ ನಿಲ್ಲಿಸಿ. ನಾಲ್ಕು ಎಳೆಗಳನ್ನು ಅಂಚೆಯಲ್ಲಿ ತರಿಸಿಕೊಳ್ಳಲು ತಗಲುವ ವೆಚ್ಚ, ಒಂದು ಸೀರೆ ವಾಪಸ್ ಬರುವ ವೆಚ್ಚದ ಮುಂದೆ ಏನೂ ಅಲ್ಲ. ಬಣ್ಣ ಕೂಡದಿದ್ದರೆ ಅದನ್ನು ಎರಡನೆಯ ಕಂತು ಎಂದೇ ಕರೆದು, ‘ಮೊದಲಿನದಕ್ಕಿಂತ ತುಸು ತಿಳಿ’ ಎಂದು ಸ್ಪಷ್ಟವಾಗಿ ಬರೆದು ಮಾರಿ.

ಇನ್ನೊಂದು ತೊಡಕು ಕಾಲದ್ದು. ಗೌರಿ ಹಬ್ಬಕ್ಕೆ ಬೇಕೆಂದು ಶ್ರಾವಣದಲ್ಲಿ ಆರ್ಡರ್ ಕೊಡುವವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಹಾಸಿನ ಎಳೆಗಳಿಗೆ ಹಾಕಿದ ಗಂಜಿ ಒಣಗಲು ಬಿಸಿಲು ಬೇಕು. ಕುಣಿ ಮಗ್ಗದ ಗುಂಡಿಯಲ್ಲಿ ತೇವವೇರಿದರೆ ನೇಕಾರರು ಕಾಲಿಟ್ಟು ಕೂರುವುದೇ ಕಷ್ಟ. ಹಬ್ಬದ ಮರುಪೂರೈಕೆಯ ನೂಲಿಗೆ ಬೇಸಿಗೆ ಮುಗಿಯುವ ಮೊದಲೇ ಬಣ್ಣ ಹಾಕಿಸಿ ಇಡಬೇಕು. ನೇಕಾರರಿಗೆ ‘ಬೇಗ, ಬೇಗ’ ಎಂದು ಅವಸರ ಮಾಡಿ ಪಡೆದ ಸೀರೆಯಲ್ಲಿ ದಡಿ ಎಳೆದುಕೊಂಡಿರುವುದು ಮೊದಲ ನೋಟಕ್ಕೇ ಗೊತ್ತಾಗುತ್ತದೆ. ನೇಯ್ಗೆಯ ಕೂಲಿಯನ್ನು ಸೀರೆ ಮಾರಾಟವಾದ ಮೇಲೆ ಕೊಡುತ್ತೇನೆನ್ನುವುದು ಅನ್ಯಾಯ. ಸೀರೆ ಮಗ್ಗದಿಂದಿಳಿದ ದಿನ ಕೊಡಬೇಕು.

ಎಷ್ಟು ತರಿಸಬೇಕು ಎಂಬುದಕ್ಕೆ ಲೈಕ್‌ಗಳನ್ನಾಗಲಿ ‘ಬಂದಾಗ ತಿಳಿಸಿ’ ಎಂಬ ಸಂದೇಶಗಳನ್ನಾಗಲಿ ನಂಬಬೇಡಿ. ಬಣ್ಣದ ಒಪ್ಪಿಗೆ ಆಗಿ, ನೇಕಾರರು ದಿನ ಹೇಳಿದ ಮೇಲೆ, ಆ ದಿನಕ್ಕೆ ಎರಡು ವಾರ ಕೂಡಿಸಿ ಗಿರಾಕಿಗಳಿಗೆ ತಿಳಿಸಿ, ಬೆಲೆಯ ಕಾಲು ಭಾಗವನ್ನು ಮುಂಗಡವಾಗಿ ಪಡೆಯಿರಿ. ಮುಂಗಡ ಬಂದಷ್ಟಕ್ಕೆ ಮಾತ್ರ ಹಾಸು ಹೂಡಿಸಿ, ಬದಲಾವಣೆಗೆಂದು ನಾಲ್ಕೈದನ್ನು ಸೇರಿಸಿದರೆ ಸಾಕು. ನೂಲಿನ ಬೆಲೆ ಏರಿದ್ದರೆ ಹೊಸ ಕಂತಿನ ಬೆಲೆಯೂ ಏರುತ್ತದೆ ಎಂಬುದನ್ನು ಮುಂಗಡ ಪಡೆಯುವ ಮೊದಲೇ ಹೇಳಿ.

ಮತ್ತೆ ತರಲೇಬಾರದ ಸಂದರ್ಭವೂ ಇದೆ. ಮೊದಲ ಬಿಡುಗಡೆಯಲ್ಲಿ ‘ಇದು ಮತ್ತೆ ಬರುವುದಿಲ್ಲ’ ಎಂದು ಬರೆದು ಮಾರಿದ್ದರೆ, ಎಷ್ಟೇ ಬೇಡಿಕೆ ಬಂದರೂ ಅದನ್ನು ಮತ್ತೆ ನೇಯಿಸಬೇಡಿ. ಆ ಮಾತನ್ನು ನಂಬಿ ಹಣ ಕೊಟ್ಟವರಿದ್ದಾರೆ. ಗೋದಾಮಿನಲ್ಲಿ ನೂರು ಇಟ್ಟುಕೊಂಡು ‘ಕೊನೆಯ ಎರಡು’ ಎಂದು ಹಾಕುವುದಂತೂ ಕಾನೂನಿಗೂ ವಿರುದ್ಧ. ಕೇಂದ್ರೀಯ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ (ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ) ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ಬಗೆಗಳಲ್ಲಿ ಸುಳ್ಳು ತುರ್ತು ಸೃಷ್ಟಿಸುವುದೂ ಒಂದು. ಇರುವುದಕ್ಕಿಂತ ಕಡಿಮೆ ಸರಕಿದೆ ಎಂದು ತೋರಿಸುವುದು ಅದರಲ್ಲಿ ಸೇರುತ್ತದೆ.

ಮತ್ತೆ ತರುವ ಉದ್ದೇಶವಿದ್ದರೆ ಮೊದಲ ಪ್ರಕಟಣೆಯಲ್ಲೇ ‘ಮೊದಲ ಕಂತು, 24 ಸೀರೆಗಳು, ನೂಲು ಸಿಕ್ಕರೆ ಮತ್ತೊಂದು ಕಂತು’ ಎಂದು ಬರೆಯಿರಿ. ಎರಡನೆಯ ಕಂತಿನ ಲೇಬಲ್‌ನಲ್ಲಿ ಕಂತಿನ ಸಂಖ್ಯೆ ಮತ್ತು ನೇಯ್ದ ತಿಂಗಳನ್ನು ಮುದ್ರಿಸಿ, ಮೊದಲ ಕಂತು ಕೊಂಡವರಿಗೆ ಬಿಡುಗಡೆಯ ಹಿಂದಿನ ದಿನ ಸಂದೇಶ ಕಳುಹಿಸಿ.