ಬೀಗರ ಎದುರೇ ಪಂಕ್ತಿಯಲ್ಲಿ ಉಂಡೆ

ಹೊಟ್ಟೆಗೆ ಬ್ಯಾಗ್ ಹಾಕಿಸಿಕೊಂಡವನು ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಉಣ್ಣುವುದು ಆಗದ ಮಾತು ಅಂದವರು ನಮ್ಮ ಬೀಗರು. ಈ ಮಾಘದಲ್ಲಿ ಅವರದೇ ಮನೆ ಮದುವೆಯಲ್ಲಿ, ಅವರೆದುರೇ ಎರಡು ಸಲ ಪಾಯಸ ಹಾಕಿಸಿಕೊಂಡೆ.

ನನ್ನದು ಎಡಗಡೆಯ ಕೊಲೊಸ್ಟಮಿ, ಅಂದರೆ ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಬ್ಯಾಗಿಗೆ ಬೀಳುವ ಹಾಗೆ ಮಾಡಿದ್ದಾರೆ. ಆ ಬಾಯಿಗೆ ಸ್ಟೋಮಾ ಅನ್ನುತ್ತಾರೆ. ಆರು ವರ್ಷವಾಯಿತು. ಪಾಂಡವಪುರದ ಹತ್ತಿರ ಆಲೆಮನೆ ಇದೆ. ಕೊಪ್ಪರಿಗೆ ಮುಂದೆ ನಿಂತರೆ ಬ್ಯಾಗನ್ನು ಚರ್ಮಕ್ಕೆ ಹಿಡಿದಿಡುವ ಪ್ಲೇಟಿನ ಅಂಟು ಬೆವರಿಗೆ ಬಿಡುತ್ತಿತ್ತು. ಐದು ದಿನ ಬರಬೇಕಾದದ್ದು ಎರಡೇ ದಿನಕ್ಕೆ ಮುಗಿಯುತ್ತಿತ್ತು. ತಿಂಗಳಿಗೆ ಹತ್ತಿರ ಹತ್ತಿರ ನಾಲ್ಕು ಸಾವಿರ ಹೋಯಿತು. ದುಡ್ಡಿಗಿಂತ ಜಾಸ್ತಿ ಕಾಡಿದ್ದು ಮಡಿ. ಅವ್ವ ಏನೂ ಅನ್ನಲಿಲ್ಲ, ದೇವರ ಮನೆ ಬಾಗಿಲಲ್ಲೇ ನಿಂತದ್ದು ನಾನೇ. ಗಂಜಾಂ ನಿಮಿಷಾಂಬಕ್ಕೆ ಹೋದರೂ ಹೊಳೆ ದಂಡೆಯಲ್ಲಿ ಕೂತು ಬಂದೆ. ಮುದ್ದೆಯನ್ನೂ ಬಿಟ್ಟೆ.

ಆಮೇಲೆ ಇರಿಗೇಶನ್ ಹಿಡಿದೆ, ಅಂದರೆ ಸ್ಟೋಮಾದ ಮೂಲಕ ನೀರು ಬಿಟ್ಟು ಕರುಳನ್ನು ಒಂದೇ ಸಲ ಖಾಲಿ ಮಾಡುವುದು. ಡಾಕ್ಟರ್ ನೋಡಿ ಒಪ್ಪಿದರು, ನರ್ಸ್ ಎದುರು ನಿಂತು ಎರಡು ಸಲ ಮಾಡಿಸಿದರು. ಇಲಿಯೊಸ್ಟಮಿಯವರು, ಅಂದರೆ ಸಣ್ಣ ಕರುಳನ್ನು ಹೊರಗೆ ತೆರೆದವರು, ಇದರ ತಂಟೆಗೇ ಬರಬೇಡಿ. ಕಿಟ್‌ಗೆ ಐದು ಸಾವಿರದ ಆಸುಪಾಸು ಕೊಟ್ಟೆ. ‘ದುಡ್ಡು ದಂಡ ಭಾವ’ ಅಂದ ಬಾಮೈದ.

ಶುರುವಿನಲ್ಲಿ ಅವನ ಮಾತೇ ನಿಜವಾಯಿತು. ತಣ್ಣೀರು ಬಿಟ್ಟೆ, ಹೊಟ್ಟೆ ಹಿಂಡಿ ಬಚ್ಚಲಲ್ಲೇ ಕಣ್ಣು ಕತ್ತಲೆ ಬಂತು. ಇನ್ನೊಂದು ದಿನ ನೀರಿನ ಚೀಲವನ್ನು ಜಂತೆಗೆ ನೇತು ಹಾಕಿದೆ, ನೀರು ರಭಸವಾಗಿ ನುಗ್ಗಿ ಅದೇ ಕಥೆ. ಹೆಗಲ ಮಟ್ಟಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಹೊತ್ತಲ್ಲದ ಹೊತ್ತಲ್ಲಿ ಮಾಡಿ ಸಂತೆಗೆ ಹೋದೆ, ಬೆಲ್ಲದ ಲೆಕ್ಕ ಮಾಡುತ್ತಿರುವಾಗಲೇ ಪಂಚೆ ಒದ್ದೆ. ಅವತ್ತು ಕಿಟ್ಟನ್ನು ಅಟ್ಟಕ್ಕೆ ಎಸೆದಿದ್ದೆ, ನನ್ನ ಹೆಂಡತಿ ಇಳಿಸಿ ತಂದಳು.

ಕರುಳು ಪಳಗಲು ಆರೇಳು ವಾರ ಬೇಕಾಯಿತು. ಈಗ ಬೆಳಗ್ಗೆ ಐದಕ್ಕೆ, ಕುಡಿಯುವ ನೀರೇ, ಉಗುರುಬೆಚ್ಚಗೆ, ಏಳೆಂಟು ನೂರು ಎಂ.ಎಲ್. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಮಾರನೇ ಬೆಳಗ್ಗೆವರೆಗೆ ಬ್ಯಾಗ್ ಬದಲು ಸ್ಟೋಮಾ ಮುಚ್ಚುವ ಚಿಕ್ಕ ಕ್ಯಾಪ್ ಸಾಕು. ಸ್ನಾನ ಮುಗಿಸಿ ದೀಪ ನಾನೇ ಹಚ್ಚುತ್ತೇನೆ. ತಿಂಗಳ ಖರ್ಚು ಸಾವಿರದೊಳಗೆ ಬಂದಿದೆ.

ಮುದ್ದೆ ವಾಪಸ್ ಬಂತು. ಅವರೆಕಾಳಿನ ಮೇಲೂ ಒಂದು ಪ್ರಯೋಗ ಮಾಡಿದೆ. ಇಡೀ ಕಾಳಿನ ಸಾರಿಗೆ ಗಾಳಿ ತುಂಬಿ ಕ್ಯಾಪ್ ಉಬ್ಬುತ್ತದೆ, ಹಿತಕಿದ ಬೇಳೆಗೆ ಅಷ್ಟಿಲ್ಲ. ಹುರುಳಿ ಸಾರು ನನಗೆ ಬೇಡ. ಕಬ್ಬಿನ ಹಾಲು ಅರ್ಧ ಲೋಟ ದಾಟಿದರೆ ಮಧ್ಯಾಹ್ನವೇ ಪೇಚಾಟ. ಆಲೆಮನೆ ಇಟ್ಟುಕೊಂಡು ಇದೊಂದು ಶಿಕ್ಷೆ, ಅಲ್ವಾ!

ಉಡಿದಾರ ಸರಿಸಿ, ಬಗ್ಗಿದರೂ ಸ್ಟೋಮಾಕ್ಕೆ ಒತ್ತದ ಹಾಗೆ ಪಂಚೆ ಉಡುವ ಪಟ್ಟೊಂದಿದೆ. ಅದನ್ನು ಸುಮ್ನೆ ಬರೆದು ಕೊಡುವುದಿಲ್ಲ. ಆಲೆಮನೆಗೆ ಬಂದರೆ ಉಟ್ಟು ತೋರಿಸುತ್ತೇನೆ.